ಸಾವಕ್ಕನ ಬಲಗೈ

೧೯೫೩ರ ಜೂನ್ ತಿಂಗಳಲ್ಲಿ ಗಜೇಂದ್ರಗಡದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನ ಸಂಗೀತದ ಅಕ್ಕೋರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ದಿನಾ ಬೆಳಿಗ್ಗೆ ನಲವತ್ತು ಹುಡುಗಿಯರು ನಲವತ್ತು ದಾರಿ ಹಿಡಿದು ವಚನ ಹಾಡತೊಡಗಿದರು. ಅಲ್ಲಿ ಕಸ ಗುಡಿಸಿ ದೀಪ ಹಚ್ಚುತ್ತಿದ್ದ ಸಾವಕ್ಕ ಮೂರು ದಿನ ತಡೆದುಕೊಂಡಳು. ನಾಲ್ಕನೇ ದಿನ ಕಸಬರಿಗೆಯನ್ನು ಮೂಲೆಗಿಟ್ಟು, ಅದೇ ವಚನವನ್ನು ತಾನೇ ಎತ್ತಿಕೊಂಡು ಹಾಡಿಬಿಟ್ಟಳು. ಕಾಲೇಜಿನ ಮುಖ್ಯಸ್ಥೆ ನೀಲವ್ವ ಬಾಗಿಲಲ್ಲಿ ನಿಂತು ಪೂರಾ ಕೇಳಿದರು. ನಾಳೆಯಿಂದ ನೀವೇ ಹೇಳಿಕೊಡಿ ಎಂದರು.

ಸಾವಕ್ಕ ಬೇಡವೆನ್ನಲಿಲ್ಲ. ತನ್ನ ದನಿ ಚಲೋ ಇದೆಯೆಂಬುದು ಯಾರೂ ಹೇಳದೆಯೇ ಅವಳಿಗೆ ಗೊತ್ತಿತ್ತು. ಗಂಡ ಗವಿಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕುಳಿತು ಸೀರೆ ನೇಯುವಾಗ, ಪಕ್ಕದಲ್ಲಿ ಕುಳಿತು ಅವನ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತಿಕೊಡುವುದು ಅವಳ ಮೂವತ್ತು ವರ್ಷದ ಕೆಲಸ. ಬಲಗೈ ರಾಟೆ ತಿರುವಬೇಕು, ಎಡಗೈ ನೂಲು ಹಿಡಿಯಬೇಕು. ಬಾಯಿಗೆ ಮಾತ್ರ ಕೆಲಸವಿಲ್ಲ, ಅದು ಹಾಡುತ್ತಿತ್ತು. ಮಂದಿರದಲ್ಲಿ ರಾಟೆ ಇರದಿದ್ದರೂ ಹಾಡು ಶುರುವಾದೊಡನೆ ಬಲಗೈ ತಾನಾಗಿ ಸುತ್ತುತ್ತಿತ್ತು. ಅವಳ ತಾಳವೆಲ್ಲ ಅಲ್ಲಿಂದಲೇ.

ಶಿಕ್ಷಕಿಯರಾಗಲು ಬಂದ ಹುಡುಗಿಯರಿಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುವ ಚಾಳಿ. ‘ಬಲಗೈ ಹೊಟ್ಟೆಯ ನೇರಕ್ಕೆ, ಒಂದು ಸಾಲಿಗೆ ನಾಲ್ಕು ಸುತ್ತು’ ಎಂದು ವಹಿಯಲ್ಲಿ ಇಳಿಸಿಕೊಂಡರು. ಹೆಚ್ಚಿನವರು ಶಿರೋಳ, ಸೂಡಿ ಕಡೆಯ ಒಕ್ಕಲುತನದ ಮನೆಯವರು, ರಾಟೆ ಮುಟ್ಟಿದವರಲ್ಲ. ಶ್ರಾವಣ ಸೋಮವಾರದ ಭಜನೆಯಲ್ಲಿ ನಲವತ್ತು ಬಲಗೈಗಳು ಒಟ್ಟಿಗೆ ತಿರುಗಿದವು. ದಸರೆಯ ಸರಸ್ವತಿ ಪೂಜೆಗೂ ತಿರುಗಿದವು. ಸಾವಕ್ಕ ಕಣ್ಣು ಮುಚ್ಚಿ ಹಾಡುವವಳು, ನೋಡಲೇ ಇಲ್ಲ.

ಶಿವರಾತ್ರಿ ಮುಗಿದ ವಾರ ತಪಾಸಣೆ ಬಂತು. ಮುಂದಿನ ವರ್ಷ ಪ್ರಾರ್ಥನೆ ಯಾರು ನಡೆಸಬೇಕೆಂಬುದನ್ನು ಇನ್ಸ್‌ಪೆಕ್ಟರ್ ಸಾಹೇಬರೇ ಬರೆದುಹೋಗುತ್ತಾರೆಂದು ನೀಲವ್ವ ಮೊದಲೇ ತಿಳಿಸಿದ್ದರು. ಸಾವಕ್ಕನಿಗೆ ಆ ಜಾಗ ಬೇಕೇ ಬೇಕಾಗಿತ್ತು. ದಿನಕ್ಕೆ ಅರ್ಧ ತಾಸು ಅವಳದೇ ಎನ್ನುವಂಥದ್ದು ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು.

ಅಂದು ಹಾಡು ಚೆನ್ನಾಗಿಯೇ ಏರಿತು. ಮುಗಿದ ಮೇಲೆ ಸಾಹೇಬರು ಮುಂದಿನ ಸಾಲಿನ ರೇಣುಕವ್ವನನ್ನು ಎಬ್ಬಿಸಿ, ಎಲ್ಲರೂ ಕೈ ತಿರುವುವುದೇಕೆಂದು ಕೇಳಿದರು. ರೇಣುಕವ್ವ ಶಿರೋಳದ ಗೌಡರ ಮಗಳು. ಗೊತ್ತಿಲ್ಲವೆಂದು ಹುಟ್ಟಿದಾಗಿನಿಂದ ಹೇಳಿದವಳಲ್ಲ. ಅದು ಮನಸ್ಸಿನಲ್ಲೇ ದೇವರಿಗೆ ಎತ್ತುವ ಆರತಿ ಎಂದು ತಡವರಿಸದೆ ವಿವರಿಸಿದಳು. ಸಾಹೇಬರ ಮುಖ ಅರಳಿತು. ಇಂಥ ಪದ್ಧತಿ ಎಲ್ಲೂ ಕಂಡಿಲ್ಲವೆಂದು ಹೊಗಳಿ, ಪೆನ್ನು ತೆಗೆದು ಕಾಲೇಜಿನ ವಹಿಯಲ್ಲಿ ಬರೆಯತೊಡಗಿದರು.

ಹುಡುಗಿಯರೂ ತನ್ನಂತೆ ಕೈ ತಿರುವುತ್ತಾರೆಂದು ಸಾವಕ್ಕನಿಗೆ ಗೊತ್ತಾದದ್ದೇ ಈಗ. ಬಾಯಿ ಮುಚ್ಚಿಕೊಂಡಿದ್ದರೆ ಜಾಗ ತನ್ನದೇ. ನೀಲವ್ವನೂ ಸುಮ್ಮನಿರೆಂದು ಕಣ್ಸನ್ನೆ ಮಾಡಿದರು. ಆದರೆ ದೇವರ ಪಟದ ಮುಂದೆ ಅವಳೇ ಹಚ್ಚಿದ ದೀಪ ಉರಿಯುತ್ತಿತ್ತು. ಅದರೆದುರು ಸುಳ್ಳನ್ನು ನುಂಗಿಕೊಂಡು ನಿಲ್ಲುವುದು ಅವಳಿಂದಾಗಲಿಲ್ಲ.

“ಸಾಹೇಬ್ರ, ಅದು ಆರತಿ ಅಲ್ರಿ. ಕಂಡಿಕಿ ಸುತ್ತೋ ಕೈ ಐತ್ರಿ ಅದು. ನನ್ನ ನೋಡಿ ಹುಡುಗ್ಯಾರು ಕಲ್ತಾರ.”

ಸಾಹೇಬರು ಬರೆದ ಸಾಲನ್ನು ಹೊಡೆದುಹಾಕಿದರು. ಹಾಗಾದರೆ ಕೈ ಕಟ್ಟಿಕೊಂಡು ಇನ್ನೊಮ್ಮೆ ಹಾಡಬೇಕೆಂದರು, ತುಸು ಸಿಟ್ಟಿನಲ್ಲೇ.

“ಆಗೂದಿಲ್ರಿ. ಈ ಕೈ ತಿರುಗಿದ್ರನ ನನಗ ತಾಳ ಸಿಗತೈತ್ರಿ. ಇದ್ರಿಂದ ದೇವ್ರಿಗೆ ಏನೂ ಕಡಿಮಿ ಆಗಿಲ್ರಿ.”

ಹೇಳಿದವಳೇ ಅಪ್ಪಣೆಗೆ ಕಾಯದೆ ಇನ್ನೊಂದು ಪದ ಎತ್ತಿದಳು. ಕೈ ತಿರುಗಿತು. ಹುಡುಗಿಯರು ಅನುಮಾನಿಸುತ್ತ ಕೂತಿದ್ದರು; ಅವಮಾನದಿಂದ ಕೆಂಪಾಗಿದ್ದ ರೇಣುಕವ್ವನೇ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಸಾಹೇಬರ ಸಿಟ್ಟು ಎರಡನೇ ನುಡಿಗೆ ಇಳಿಯಿತು. ಕೊನೆಯ ಸಾಲಿನವರೆಗೂ ಕುಳಿತು ಕೇಳಿ, ಅವಳ ಹೆಸರು ವಿಚಾರಿಸಿ ವಹಿಯಲ್ಲಿ ಏನೋ ಬರೆದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಸಾವಕ್ಕನಿಗೆ ಓದು ಬಾರದು. ಕಂಬಕ್ಕೊರಗಿ ನಿಂತಳು. ನೀಲವ್ವ ವಹಿ ತೆರೆದು ಗಟ್ಟಿಯಾಗಿ ಓದಿದರು: ‘ಪ್ರಾರ್ಥನೆ ನಡೆಸುವವರು: ಸಾವಕ್ಕ, ನೇಕಾರರು. ಇವರನ್ನೇ ಮುಂದುವರಿಸುವುದು.’

ಹುಡುಗಿಯರ ಗದ್ದಲವೇ ಗದ್ದಲ. ಸಾವಕ್ಕ ಮಾತ್ರ ಕಂಬ ಬಿಟ್ಟು ಅಲ್ಲಾಡಲಿಲ್ಲ. ಅವಳ ಓಣಿಯಲ್ಲಿ ಮಗ್ಗದ ಕುಣಿಯಲ್ಲಿ ಕೂತ ಗಂಡಸರನ್ನಷ್ಟೇ ನೇಕಾರರೆನ್ನುತ್ತಿದ್ದರು. ಕಂಡಿಕೆ ಸುತ್ತುವ ಹೆಂಗಸರಿಗೆ ಆ ಹೆಸರನ್ನು ಯಾರೂ ಕೊಟ್ಟಿರಲಿಲ್ಲ, ಗವಿಸಿದ್ದಪ್ಪನೂ ಕೊಟ್ಟಿರಲಿಲ್ಲ.

“ಅಕ್ಕೋರ, ನನ್ನ ಹೆಸರಿನ ಮುಂದ ಏನ ಬರದಾರ, ಅದನ್ನ ಇನ್ನೊಮ್ಮಿ ಓದ್ರಿ” ಎಂದಳು.