ಅಕ್ಕನ ಪಾಲಿನ ಸಾಲು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಆಗಿನ್ನೂ ಎರಡು ಮಗ್ಗ ಇದ್ದವು. ನೂಲಿಗೆ ಹಚ್ಚಿದ ಗಂಜಿಯ ವಾಸನೆ ಊಟದ ತಾಟಿನವರೆಗೂ ಬರುತ್ತಿತ್ತು. ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆದರೆ ಮಗ್ಗ ನಿಲ್ಲಬೇಕು, ತ್ರಿಕಾಲ ಪ್ರಾರ್ಥನೆ ಆಗಬೇಕು, ಆಮೇಲೇ ರೊಟ್ಟಿ. ನನಗೆ ಎಂಟು ವರ್ಷ. ರೊಟ್ಟಿಯದೇ ಚಿಂತೆ.

ಪ್ರಾರ್ಥನೆಯನ್ನು ಅಜ್ಜಿ ಹಂಚಿಕೊಟ್ಟಿದ್ದಳು. ದೇವರ ಮಗನಿಗೆ ತಾಯಿಯಾಗುವೆ ಎಂದು ದೇವದೂತ ಮರಿಯಮ್ಮನಿಗೆ ಸುದ್ದಿ ತಂದ ಸಾಲು ಅಪ್ಪನದು. ನಾನು ದೇವರ ದಾಸಿ, ಹೇಳಿದಂತೆ ಆಗಲಿ ಎಂಬ ಮರಿಯಮ್ಮನ ಉತ್ತರ ತೆರೇಜಾ ಅಕ್ಕನದು. ದೇವರು ಮನುಷ್ಯನಾದ ಎನ್ನುವಾಗ ಎಲ್ಲರೂ ಮೊಣಕಾಲೂರಬೇಕು.

"ಅಂವ ನೆಲಕ್ಕ ಇಳದು ಬಂದಾನ, ನಿನ್ನ ಮೊಣಕಾಲಿಗೆ ಏನ್ ಧಾಡಿ?" ಎಂದು ಅಜ್ಜಿ ನನ್ನನ್ನು ಬೈಯುತ್ತಿದ್ದಳು.

ಆ ಕ್ರಿಸ್ಮಸ್ ರಜೆಯಲ್ಲಿ ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬಂದರು. ಅವಲಕ್ಕಿ, ಚಹಾ ಆಯಿತು. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಅಪ್ಪ ಇನ್ನೇನು ಮಾತು ಕೊಡಬೇಕು, ಅಷ್ಟರಲ್ಲಿ ಗಂಟೆ ಹೊಡೆಯಿತು. ಬಂದವರೂ ನಮ್ಮ ಮತದವರೇ. ಎಲ್ಲರೂ ಎದ್ದು ನಿಂತೆವು.

ಅಪ್ಪ ತನ್ನ ಸಾಲು ಹೇಳಿದ. ಅಕ್ಕನ ಸಾಲು ಬರಲಿಲ್ಲ. ಬಾಯಿ ಬಿಗಿದು ನೆಲ ನೋಡುತ್ತಿದ್ದಳು.

"ಹೇಳವಾ," ಎಂದ ಅಪ್ಪ.

ಹಸಿವು ತಾಳದೆ ನಾನೇ ಹೇಳಿಬಿಟ್ಟೆ. ಅಜ್ಜಿ ತಲೆಗೆ ಮೊಟಕಿದಳು.

"ನಿನ್ನ ಯಾರ್ ಕೇಳ್ಯಾರೋ ಹೊಟ್ಟಿಬಾಕ? ಅದು ಆಕಿ ಹೇಳೂ ಮಾತು. ಮರಿಯಮ್ಮ ಹೂಂ ಅನ್ನೂತನಕಾ ದೇವದೂತ ಸುದ್ದಾ ಕಾದು ನಿಂತಿದ್ದ." ಆಮೇಲೆ ಅಪ್ಪನ ಕಡೆ ತಿರುಗಿದಳು. "ನೀ ಅವಗಿಂತ ದೊಡ್ಡಾಂವೇನು? ಮಗಳನ್ನ ಕೇಳು."

ಅಪ್ಪನ ಮುಖ ಕೆಂಪಾಯಿತು. ಆದರೂ ಬಂದವರ ಮುಂದೆಯೇ ಕೇಳಿದ. "ಈ ಸಂಬಂಧ ನಿನಗ ಒಪ್ಪಿಗಿ ಐತೇನವಾ?"

"ಇಲ್ಲಪ್ಪಾ."

"ಆತಲ್ಲ," ಎಂದಳು ಅಜ್ಜಿ. "ಈಗ ಆ ತಾಯಿ ಮಾತು ಹೇಳು."

ಅಕ್ಕ ಹೇಳಿದಳು. ದೇವರು ಮನುಷ್ಯನಾದ ಸಾಲಿಗೆ ಎಲ್ಲರೂ ಮೊಣಕಾಲೂರಿದೆವು, ಹುಬ್ಬಳ್ಳಿಯವರೂ ಊರಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟರು. ಅಪ್ಪ ಎರಡು ದಿನ ಅಜ್ಜಿಯನ್ನು ಮಾತಾಡಿಸಲಿಲ್ಲ. ಮೂರು ವರ್ಷದ ಮೇಲೆ ಅಕ್ಕ ತಾನು ಒಪ್ಪಿದ ಮನೆಗೆ ಹೋದಳು.

ಈಗ ಅಜ್ಜಿ ಇಲ್ಲ. ಮಗ್ಗ ಮಾರಿದೆವು. ಹನ್ನೆರಡರ ಹೊತ್ತಿಗೆ ನಾನು ರೋಣದ ರಸ್ತೆಯಲ್ಲಿ ಟಂಟಂ ಓಡಿಸುತ್ತಿರುತ್ತೇನೆ. ಹೋದ ತಿಂಗಳು ಕಾಕಾನ ಮಗಳ ಸಂಬಂಧ ಫೋನಿನಲ್ಲೇ ಪಕ್ಕಾ ಆಯಿತು. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಎಲ್ಲರ ಕೈಗೂ ಪೇಡೆ ಕೊಟ್ಟ. ಹುಡುಗಿಯನ್ನು ಕೇಳಿದಿರಾ ಅನ್ನಬೇಕಿತ್ತು. ನಾನು ಪೇಡೆ ತಿಂದೆ.