ಬಸ್ಸಿನಲ್ಲಿ ಬಂದ ತಣ್ಣನೆಯ ಬ್ರೆಡ್ಡು

ಅವನನ್ನು ಬೀದಿಯವರೆಲ್ಲ ಭಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಬೇಕರಿಯ ಹಿಂಬದಿಯಲ್ಲಿ ಇಟ್ಟಿಗೆಯ ಭಟ್ಟಿಯ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವನು. ಮುಂಗೈಯ ರೋಮವೆಲ್ಲ ಎಂದೋ ಸುಟ್ಟುಹೋಗಿತ್ತು. ಎಂಥ ಸೆಕೆಯಲ್ಲೂ ಒಮ್ಮೆಯಾದರೂ ಉಸ್ಸೆಂದವನಲ್ಲ. ಮಾತು ಬಹಳ ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಮಾತಾಡಲು ಮುಂದುಗಡೆ ಗಲ್ಲಾದಲ್ಲಿ ಹೆಂಡತಿ ಕೂತಿರುತ್ತಿದ್ದಳು. ನಿನ್ನೆಯ ಬನ್ನನ್ನು ಇವತ್ತಿನದು ಅಂತ ಸುಳ್ಳು ಹೇಳುವವಳಲ್ಲ. ನಿನ್ನೆಯ ಬನ್ನಿಗೇ ರುಚಿ ಹೆಚ್ಚು ಅಂತ ನಂಬಿಸಿ ಮಾರುವವಳು.

ಅಂಥವಳಿಗೆ ಗಂಟಲಲ್ಲೇ ಗಂಟು ಕಾಣಿಸಿಕೊಂಡಿತು.

"ಬೇಗ ಬಂದಿದ್ದೀರಿ, ವಾಸಿಯಾಗುತ್ತೆ. ಆದ್ರೆ ದಾರಿ ಸ್ವಲ್ಪ ಕಷ್ಟ" ಎಂದರು ಡಾಕ್ಟರಮ್ಮ. ದಿನಾ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕು. ಆಸ್ಪತ್ರೆ ಇದ್ದದ್ದು ದೊಡ್ಡ ಊರಿನಲ್ಲಿ, ಬಸ್ಸಿನಲ್ಲಿ ಕೂತರೆ ಅರ್ಧ ಬೆಳಗು ಅಲ್ಲಿಗೇ ಹೋಗುತ್ತಿತ್ತು. ದಿನವೂ ಓಡಾಡಲು ಅವಳಿಗೆ ಆಗದೆಂದು ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಕಬ್ಬಿಣದ ಮಂಚ, ಮೂಲೆಯಲ್ಲಿ ನಲ್ಲಿ, ಗೋಡೆಯಾಚೆ ಯಾರದೋ ಹೊಲಿಗೆ ಯಂತ್ರದ ಸದ್ದು. ಅಕ್ಕನ ಜೊತೆ ಇರಲು ತಂಗಿ ಬಂದಳು. ಭಟ್ಟಿಯಣ್ಣ ನಸುಕಿನ ಬ್ರೆಡ್ಡು ಇಳಿಸಿ, ಅಂಗಡಿಯನ್ನು ಅಣ್ಣನ ಮಗಳ ಕೈಗೆ ಒಪ್ಪಿಸಿ, ಬಸ್ಸು ಹತ್ತುತ್ತಿದ್ದ.

ಎರಡನೆಯ ವಾರ ಕಳೆಯುವಷ್ಟರಲ್ಲಿ ಅವಳ ಬಾಯಿಯೆಲ್ಲ ಹುಣ್ಣಾಯಿತು. ಉಗುರುಬೆಚ್ಚಗಿನದು ತಾಕಿದರೂ ಕಣ್ಣಲ್ಲಿ ನೀರು. "ತಣ್ಣಗಿರೋದು, ಮೆತ್ತಗಿರೋದು ಕೊಡಿ. ತಂಪಿದ್ರೆ ಮಾತ್ರ ನುಂಗೋಕಾಗುತ್ತೆ" ಎಂದು ನರ್ಸು ಹೇಳಿದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಿಗುವುದೆಲ್ಲ ಬಿಸಿ, ಇಲ್ಲವೇ ಖಾರ. ಎದುರಂಗಡಿಯ ಬಾಟಲಿಗಳಲ್ಲಿ ಬರೀ ಗ್ಯಾಸು. ಒಂದು ಗುಟುಕಿಗೆ ಗಂಟಲು ಸುಲಿದುಹೋದಂತೆ ಆಗುತ್ತಿತ್ತು. ಐಸ್‌ಕ್ರೀಮು ಎರಡು ಚಮಚಕ್ಕೇ ಓಕರಿಕೆ ತರಿಸಿತು. ಕೋಣೆಯಲ್ಲಿ ಫ್ರಿಜ್ ಇರಲಿಲ್ಲ.

ಹಾಗಾದರೆ ನಾನೇ ತರುತ್ತೇನೆ ಎಂದುಕೊಂಡ ಭಟ್ಟಿಯಣ್ಣ. ಬೇಕರಿಯಲ್ಲಿ ಬೆಣ್ಣೆ ಇಡುವ ಹಳೆಯ ಫ್ರಿಜ್ಜಿತ್ತು. ಸ್ಟೀಲ್ ಡಬ್ಬಿಯಲ್ಲಿ ತಣ್ಣನೆಯ ಹಾಲು ತುಂಬಿ, ಸುತ್ತ ಪುಡಿ ಮಾಡಿದ ಐಸು ಸುರಿದು, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ. ಅರ್ಧ ದಾರಿಗೆ ಐಸೆಲ್ಲ ನೀರು. ಕೋಣೆಯ ಬಾಗಿಲಲ್ಲಿ ನಿಂತಾಗ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು, ಹಾಲು ಬೆಚ್ಚಗಾಗಿತ್ತು. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿ, ಪಿಸುದನಿಯಲ್ಲಿ, "ರೀ, ಬಸ್ಸಿನವನಿಗೆ ಹೇಳಿದ್ರೆ ನಿಲ್ಲಿಸ್ತಿರಲಿಲ್ವಾ?" ಎಂದಳು. ತಂಗಿ ನಕ್ಕಳು. ಅವನೂ ನಕ್ಕ. ಆದರೆ ಆ ಹಾಲನ್ನು ಅವಳಿಗೆ ಕುಡಿಯಲಾಗಲಿಲ್ಲ.

ಮಾರನೆಯ ದಿನ ನೇರವಾಗಿ ಮಾರುಕಟ್ಟೆಯ ಮೀನಿನಮ್ಮನ ಹತ್ತಿರ ಹೋದ. ಇಳಿಹೊತ್ತಿನವರೆಗೂ ಮೀನು ಕೆಡದಂತೆ ಇಡುವವಳಿಗಿಂತ ಹೆಚ್ಚಾಗಿ ಇದನ್ನು ಇನ್ಯಾರು ಬಲ್ಲರು? ಆಕೆ ವಿಷಯ ಕೇಳಿದವಳೇ ಹಿಂದಿನಿಂದ ಒಂದು ನೀಲಿ ಐಸ್ ಪೆಟ್ಟಿಗೆ ಎಳೆದು ತಂದಳು.

"ಮೊದ್ಲು ಸೋಡಾಪುಡಿ ಹಾಕಿ ತಿಕ್ಕು, ಇಲ್ದಿದ್ರೆ ನಿನ್ನ ಹೆಂಡ್ತಿ ಹಾಲು ಅಂತ ಮೀನು ಕುಡೀತಾಳೆ. ಹಿಂದಿನ ದಿನವೇ ಒಳಗೆ ಐಸ್ ಇಟ್ಟು ಪೆಟ್ಟಿಗೇನ ತಣ್ಣಗೆ ಮಾಡ್ಕೋ. ಕಾದ ಪೆಟ್ಟಿಗೆಗೆ ಐಸ್ ಹಾಕಿದ್ರೆ ಅದು ಪೆಟ್ಟಿಗೇನ ತಣಿಸೋದ್ರಲ್ಲೇ ಕರಗಿಹೋಗುತ್ತೆ."

"ಪುಡಿ ಐಸ್ ಹಾಕಿದ್ದೆ ಅಮ್ಮ."

"ಪುಡಿ ಬೇಗ ಕರಗುತ್ತಪ್ಪ. ದೊಡ್ಡ ಗಡ್ಡೆ ಹಾಕು. ಬಾಟ್ಲಿಗೆ ನೀರು ತುಂಬಿ ಗಟ್ಟಿ ಮಾಡಿದ್ರೆ ಇನ್ನೂ ಒಳ್ಳೇದು, ಕರಗಿದ್ರೂ ಚೆಲ್ಲಲ್ಲ. ಕೆಳಗೊಂದಿಷ್ಟು, ಮೇಲೊಂದಿಷ್ಟು. ಖಾಲಿ ಜಾಗ ಬಿಡಬೇಡ, ಬಟ್ಟೆ ತುರುಕು. ಆಮೇಲೆ ಮುಖ್ಯವಾದ್ದು, ಸುಮ್ನೆ ಸುಮ್ನೆ ಮುಚ್ಚಳ ತೆಗೆದು ನೋಡಬಾರದು."

"ಭಟ್ಟಿ ಬಾಗಿಲ ಥರ" ಎಂದ ಅವನು.

"ಹೂಂ, ನೀನು ಶಾಖ ಕಾಯ್ತೀಯ, ನಾನು ತಂಪು ಕಾಯ್ತೀನಿ. ಕಾಯೋ ಕೆಲ್ಸ ಒಂದೇ."

ಅಂದಿನಿಂದ ನೀಲಿ ಪೆಟ್ಟಿಗೆ ಬಸ್ಸಿನಲ್ಲಿ ಅವನ ಪಕ್ಕದ ಪ್ರಯಾಣಿಕನಾಯಿತು. ಬಿಸಿಲು ಬೀಳದ ಬದಿ ಯಾವುದೆಂದು ನೋಡಿ ಕೂರುವುದನ್ನು ಕಲಿತ. ಇಂಜಿನ್ನಿನ ಹತ್ತಿರದ ಸೀಟು ಖಾಲಿಯಿದ್ದರೂ ಅತ್ತ ಸುಳಿಯಲಿಲ್ಲ. ಹಾಲು, ನೀರು ಮಾಡಿದ ಮೊಸರು, ಸೋಸಿದ ಹಣ್ಣಿನ ರಸ ಎಲ್ಲವೂ ತಣ್ಣಗೆ ತಲುಪಿದವು. ಮೊದಲ ಗುಟುಕು ಒಳಗಿಳಿದಾಗ ಅವಳು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಳು. ಪಕ್ಕದ ಕೋಣೆಯಲ್ಲಿದ್ದ ರೋಗಿಯ ಮಗನೂ ಒಂದು ಲೋಟ ಹಿಡಿದು ಬಾಗಿಲಿಗೆ ಬಂದ. ಅವನಿಗೂ ಕೊಟ್ಟರು.

ಆದರೆ ಕೊನೆಕೊನೆಗೆ ಅವಳಿಗೆ ಅದೂ ಬೇಡವಾಯಿತು. ಲೋಟ ತುಟಿಗೆ ತಂದರೆ ಮುಖ ತಿರುಗಿಸುತ್ತಿದ್ದಳು. ತೂಕ ಇಳಿಯುತ್ತಲೇ ಹೋಯಿತು. "ಈ ವಾರದ ಕೊನೆಗೆ ಇನ್ನೂ ಇಳಿದ್ರೆ ಮೂಗಿಂದ ನಳಿಗೆ ಹಾಕ್ಬೇಕಾಗುತ್ತೆ" ಎಂದರು ಡಾಕ್ಟರಮ್ಮ. ಭಟ್ಟಿಯಣ್ಣ ಆ ದಿನ ಮಂಚದ ಕಾಲಬುಡದಲ್ಲಿ ತಲೆ ಮೇಲೆ ಕೈಹೊತ್ತು ಕೂತ. ಅವಳು ಮಾತಾಡುವ ಹಾಗಿರಲಿಲ್ಲ, ಅವನಿಗೆ ಮಾತು ಬರುತ್ತಿರಲಿಲ್ಲ. ಕೊನೆಗೆ ಅವನೇ ಕೇಳಿದ:

"ಏನು ತಿನ್ಬೇಕು ಅನ್ಸುತ್ತೆ ಹೇಳು. ಏನಾದ್ರೂ ಸರಿ."

ಅವಳು ಪಿಸುದನಿಯಲ್ಲಿ, "ಬ್ರೆಡ್ಡು" ಎಂದಳು.

"ಭಾವ, ನೀರೇ ಇಳೀತಿಲ್ಲ, ಬ್ರೆಡ್ ಹೆಂಗೆ?" ಎಂದಳು ತಂಗಿ.

ವಾಪಸು ಬರುವ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಊರಿಗೆ ಬಂದವನೇ ಒಂದು ಬ್ರೆಡ್ಡಿನ ಅಂಚೆಲ್ಲ ಕತ್ತರಿಸಿ, ಬಿಳಿಯ ತಿರುಳನ್ನಷ್ಟೇ ಹಾಲಿನಲ್ಲಿ ನೆನೆಸಿ, ಮೊಟ್ಟೆಯ ಹಳದಿ ಕದಡಿ ಸಣ್ಣ ಉರಿಯಲ್ಲಿ ಕಾಸಿದ. ತೆಳುಬಟ್ಟೆಯಲ್ಲಿ ಸೋಸಿದ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನೋಡಿದ. ಒಂದು ತರಿ ಸಿಕ್ಕಿತು. ಮತ್ತೆ ಸೋಸಿದ. ಸಕ್ಕರೆ ಎಷ್ಟು ಬೇಕೋ ಅಷ್ಟೇ. ಪುಟ್ಟ ಬಟ್ಟಲುಗಳಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟ. ಬೆಳಿಗ್ಗೆ ಅದು ಅಲುಗಿಸಿದರೆ ಅಲುಗುವಷ್ಟು ಮೆತ್ತಗೆ ಕೂತಿತ್ತು. ಮೂಗಿನ ಹತ್ತಿರ ಹಿಡಿದರೆ ಬೇಕರಿಯ ವಾಸನೆ.

ಅವತ್ತೇ ಬಸ್ಸು ಕೆಟ್ಟು ನಿಂತಿತು. ಸುತ್ತ ಬಯಲು, ನೆತ್ತಿಯ ಮೇಲೆ ಸೂರ್ಯ, ಒಂದು ಮರವೂ ಇಲ್ಲ. ಒಳಗೆ ಕೂರಲಾಗದೆ ಎಲ್ಲರೂ ಕೆಳಗಿಳಿದರು. ಪೆಟ್ಟಿಗೆಯನ್ನು ಕಂಡ ದಪ್ಪ ಮೀಸೆಯ ಮುದುಕನೊಬ್ಬ, "ತಣ್ಣೀರಿದ್ರೆ ಒಂದು ಗುಟುಕು ಕೊಡಪ್ಪ" ಎಂದ.

ಭಟ್ಟಿಯಣ್ಣ ತನ್ನ ಕುಡಿಯುವ ನೀರಿನ ಬಾಟಲಿ ಕೊಟ್ಟ. ಅದು ಕಾದಿತ್ತು. ಮುದುಕ ಕುಡಿದು ಮುಖ ಕಿವುಚಿದ. "ಪೆಟ್ಟಿಗೇಲಿ ಐಸ್ ಇಟ್ಕೊಂಡು ಬಿಸಿನೀರು ಕೊಡ್ತಾನಲ್ಲ" ಎಂದು ಪಕ್ಕದವಳೊಬ್ಬಳು ಮೂಗು ಮುರಿದಳು.

ಅವನ ಮುಖ ಕೆಂಪಾಯಿತು. ಬೇರೆ ದಿನವಾಗಿದ್ದರೆ ತಲೆ ತಗ್ಗಿಸಿ ದೂರ ಹೋಗಿ ನಿಲ್ಲುತ್ತಿದ್ದ. "ಮುಚ್ಚಳ ತೆಗೆಯೋ ಹಾಗಿಲ್ಲ ಕಣಮ್ಮ" ಎಂದು ಶುರುಮಾಡಿದವನು, ಹೆಂಡತಿಯ ಗಂಟಲು, ಕರೆಂಟು, ಇಳಿಯುತ್ತಿರುವ ತೂಕ, ಮೂಗಿನ ನಳಿಗೆ, ಅವಳು ಕೇಳಿದ ಬ್ರೆಡ್ಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಗುರುತಿಲ್ಲದವರ ಮುಂದೆ ಅಷ್ಟೊಂದು ಮಾತಾಡಿದ್ದು ಜೀವನದಲ್ಲೇ ಮೊದಲು.

ಮೂಗು ಮುರಿದವಳೇ ತನ್ನ ಕೊಡೆ ಬಿಚ್ಚಿ ಪೆಟ್ಟಿಗೆಯ ಮೇಲೆ ಹಿಡಿದಳು. ಕಂಡಕ್ಟರು ಸೀಟಿನಡಿಯಿಂದ ಗೋಣಿಚೀಲ ತೆಗೆದು ಇಂಜಿನ್ನಿಗೆಂದು ಇಟ್ಟಿದ್ದ ನೀರಿನಲ್ಲಿ ನೆನೆಸಿ ಅದಕ್ಕೆ ಹೊದಿಸಿದ. ಮನುಷ್ಯರೆಲ್ಲ ಬಿಸಿಲಲ್ಲಿ, ಪೆಟ್ಟಿಗೆಯೊಂದೇ ನೆರಳಲ್ಲಿ. ಹಿಂದಿನ ಬಸ್ಸು ಬಂದಾಗ ಅದು ತುಂಬಿ ತುಳುಕುತ್ತಿತ್ತು. "ಮೊದ್ಲು ಈ ಪೆಟ್ಟಿಗೆ ಹತ್ತಿಸ್ಕೊಳ್ರಪ್ಪ" ಎಂದು ಮುದುಕ ಕೂಗಿದ. ಭಟ್ಟಿಯಣ್ಣನ ಬೆನ್ನು ತಟ್ಟಿ, "ಹೋಗು, ನಿನ್ನ ಹೆಂಡತಿ ಹೊಟ್ಟೆ ತಣ್ಣಗಿರಲಿ" ಎಂದ.

ಕೋಣೆ ತಲುಪಿದವನೇ ಮುಚ್ಚಳ ತೆಗೆದ. ಬಾಟಲಿಗಳಲ್ಲಿ ಇನ್ನೂ ಐಸಿನ ಗಡ್ಡೆಗಳಿದ್ದವು. ಬಟ್ಟಲು ಮುಟ್ಟಿದರೆ ಬೆರಳು ಜುಮ್ಮೆಂದಿತು. ಚಮಚದ ತುದಿಯಲ್ಲಿ ಕೊಂಚ ತೆಗೆದು ಅವಳ ನಾಲಿಗೆಯ ಮೇಲಿಟ್ಟ. ಅವಳು ಅದನ್ನು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ನುಂಗಿದಳು. ತಂಗಿ ಸೆರಗಿನ ತುದಿ ಕಚ್ಚಿಕೊಂಡು ನೋಡುತ್ತಿದ್ದಳು.

"ನಮ್ಮಂಗಡಿ ಬ್ರೆಡ್ಡೇ" ಎಂದಳು ಹೆಂಡತಿ. ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು.

ಒಂದು ಬಟ್ಟಲು ಮುಗಿಯಲು ಸಂಜೆಯಾಯಿತು. ಮಾರನೆಯ ದಿನ ಎರಡು ಮುಗಿದವು. ವಾರದ ಕೊನೆಗೆ ತೂಕ ಏರಿರಲಿಲ್ಲ, ಆದರೆ ಇಳಿದೂ ಇರಲಿಲ್ಲ. "ಸಾಕು, ನಳಿಗೆ ಬೇಡ" ಎಂದರು ಡಾಕ್ಟರಮ್ಮ. ಕರೆಂಟು ಮುಗಿಯಿತು. ಹುಣ್ಣುಗಳು ನಿಧಾನವಾಗಿ ಮಾಯ್ದವು. ಒಂದು ದಿನ ಅವಳು ಉಗುರುಬೆಚ್ಚಗಿನ ಚಹಾ ಕೇಳಿ ಕುಡಿದಳು. ಆಮೇಲೆ ಮನೆಗೆ ಹೋಗೋಣವೆಂದಳು.

ಧ್ವನಿ ಪೂರ್ತಿ ಮರಳಲಿಲ್ಲ. ಒಡಕು ಕೊಳಲಿನಂಥ ದನಿ ಉಳಿಯಿತು. ಅವಳು ಗಲ್ಲಾದಲ್ಲಿ ಕೂತರೆ ಗಿರಾಕಿಗಳು ಬಾಗಿ ಕಿವಿಗೊಟ್ಟು ಕೇಳುತ್ತಾರೆ, ಹಾಗೆ ಕೇಳಿದ್ದಕ್ಕಾದರೂ ಇನ್ನೊಂದು ಬನ್ನು ಕೊಂಡು ಹೋಗುತ್ತಾರೆ.

ಮೊನ್ನೆ ಇಬ್ಬರೂ ತಪಾಸಣೆಗೆ ಹೋಗಿದ್ದರು. ಎಲ್ಲ ಸರಿಯಿದೆ, ಇನ್ನು ಆರು ತಿಂಗಳಿಗೆ ಬಂದರೆ ಸಾಕು ಎಂದರು. ಹೊರಗೆ ಬರುವಾಗ ಕ್ಯಾಂಟೀನಿನವನು ಅಡ್ಡ ಬಂದ. ಪಕ್ಕದ ಕೋಣೆಯವರಿಂದ ಸುದ್ದಿ ತಿಳಿದು ವಾರ್ಡಿನವರೆಲ್ಲ ಆ ತಣ್ಣನೆಯ ಬ್ರೆಡ್ಡಿನ ಬಟ್ಟಲನ್ನೇ ಕೇಳುತ್ತಿದ್ದಾರಂತೆ, ದಿನಾ ಕಳಿಸಲಾದೀತೇ ಎಂದು ಕೇಳಿದ. ಭಟ್ಟಿಯಣ್ಣ ಹೂಂ ಅನ್ನುವಷ್ಟರಲ್ಲಿ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಕಳಿಸ್ತೀವಿ. ಆದ್ರೆ ನೀವು ಇಲ್ಲೊಂದು ಫ್ರಿಜ್ ಇಡ್ಬೇಕು. ಬಾಗಿಲು ಭದ್ರವಾಗಿರೋದು."

"ನೋಡೋಣ ಅಕ್ಕ."

"ನೋಡೋದೇನಿಲ್ಲ" ಎಂದು ಒಡಕು ದನಿಯಲ್ಲೇ ಶುರುಮಾಡಿದಳು. ಅವರ ಊರಿನ ಬಸ್ಸು ಬಂದು, ನಿಂತು, ಹೊರಟೂ ಹೋಯಿತು. ಭಟ್ಟಿಯಣ್ಣ ಅವಸರ ಮಾಡಲಿಲ್ಲ. ಬೆಂಚಿನ ಮೇಲೆ ಕಾಲು ಚಾಚಿ ಕೂತು, ಅವಳು ಮಾತಾಡುವುದನ್ನು ಕೇಳುತ್ತ ಮುಂದಿನ ಬಸ್ಸಿಗೆ ಕಾದ.