ಡೌವೆ ಮಾವನ ಸೊಟ್ಟ ಬಾಗಿಲು

ಹಾರ್ಲಿಂಗನ್ ಬಂದರಿನ ಹಿಂದಿನ ಓಣಿಯಲ್ಲಿ ಬೌಕೆ ಅತ್ತೆಯ ಮನೆ. ಮೆಟ್ಟಿಲ ಕೆಳಗೆ ಬೂಟು, ಛತ್ರಿಗಳ ಪಕ್ಕ ಒಂದು ಹಳೇ ಕಂಪ್ಯೂಟರು ಗುಂಯ್ ಎನ್ನುತ್ತಿರುತ್ತದೆ. ಅದರೊಳಗೆ ಒಂದು ದ್ವೀಪ ಇದೆ! ಆ ದ್ವೀಪ ನಡೆಸುವ ತಂತ್ರಾಂಶ ಓಪನ್ ಸೋರ್ಸ್ ನೋಡಿ, ಯಾರು ಬೇಕಾದರೂ ಬಿಟ್ಟಿಯಾಗಿ ತಂದು ಮನೆಯಲ್ಲೇ ಒಂದು ಲೋಕ ಕಟ್ಟಿಕೊಳ್ಳಬಹುದು. ಪರದೆಯ ಮೇಲಿನ ನಮ್ಮ ನಮ್ಮ ಗೊಂಬೆಯಾಗಿ ಒಬ್ಬರ ಲೋಕದಿಂದ ಇನ್ನೊಬ್ಬರ ಲೋಕಕ್ಕೆ, ಪಕ್ಕದ ಮನೆಗೆ ಹೋದ ಹಾಗೆ ಹೋಗಿ ಬರಬಹುದು. ನಾನು ಎಷ್ಟೋ ಲೋಕ ಸುತ್ತಿದ್ದೇನೆ, ಇಷ್ಟು ಚೆಂದದ್ದು ಇನ್ನೊಂದಿಲ್ಲ, ಆಣೆ.

ಅತ್ತೆ ಮೊದಲು ಹಡಗಿನಲ್ಲಿ ಬಟಾಣಿ ಸೂಪು ಬಡಿಸುತ್ತಿದ್ದವರು. ಅದೇ ಹಡಗಿನಲ್ಲಿ ಹಗ್ಗ ಕಟ್ಟುತ್ತಿದ್ದ ಡೌವೆ ಮಾವನನ್ನು ಮದುವೆಯಾದರು. ಮಂಡಿ ಕೈಕೊಟ್ಟ ಮೇಲೆ ಮಾವ ಕಡಲು ಬಿಟ್ಟು ಕಂಪ್ಯೂಟರಿನ ಮುಂದೆ ಕೂತರು. ತಮ್ಮ ಅಪ್ಪ ದೋಣಿ ಇಡುತ್ತಿದ್ದ ದೋಣಿಮನೆಯನ್ನು ನೆನಪಿನಿಂದಲೇ, ಒಂದೊಂದೇ ಹಲಗೆ ಜೋಡಿಸಿ, ದ್ವೀಪದಲ್ಲಿ ಮತ್ತೆ ಕಟ್ಟಿದರು. ಬಾಗಿಲು ಸೊಟ್ಟ, ಅಪ್ಪನದೂ ಹಾಗೇ ಇತ್ತಂತೆ. ಮುಟ್ಟಿದರೆ ಮಾವನದೇ ದನಿ ಗದರುತ್ತಿತ್ತು: "ಕಾಲ್ ಒರೆಸ್ಕೊಂಡ್ ಬನ್ರೋ!" ಮಾವ ತೀರಿಕೊಂಡು ಮೂರು ವರ್ಷ. ಆ ದನಿ ಉಳಿದಿದ್ದು ಆ ಬಾಗಿಲಲ್ಲಿ ಮಾತ್ರ.

ವರ್ಷದ ಕೊನೆಯ ದಿನ ಮಧ್ಯಾಹ್ನ, ಊರೂರಿನಲ್ಲಿ ಇಂಥ ಲೋಕ ಕಟ್ಟಿಕೊಂಡ ಗೆಳೆಯರು ನಾವೆಲ್ಲ ಆ ದೋಣಿಮನೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ಒಂದು ಲಾಂದ್ರ ನೇತುಹಾಕಿ ಬರುವ ವರ್ಷದ ಆಸೆ ಹೇಳಬೇಕು. ಮಾವ ಇದ್ದಾಗ ಎಂಥಾ ನಗು! ಬ್ರೆಮನ್ನಿನ ರೈನರ್‌ನದು ಯಾವಾಗಲೂ ಒಂದೇ ಆಸೆ: ಬೇರೆ ಲೋಕಕ್ಕೆ ಹೋದಾಗ ತನ್ನ ಕೂದಲೂ ಜೊತೆಗೇ ಬರಲಿ. ಪಾಪ, ಅವನು ಬೋಳುತಲೆಯಲ್ಲೇ ಇಳಿಯುತ್ತಿದ್ದ, ಕೂದಲು ನಿಧಾನವಾಗಿ ಹಿಂದಿನಿಂದ ಬರುತ್ತಿತ್ತು.

ಈ ಸಲ ಆ ದಿನ ಬೆಳಿಗ್ಗೆ ನಾನು ಒಣದ್ರಾಕ್ಷಿ ಹಾಕಿ ಕರಿದ ಬಿಸಿ ಓಲಿಬೋಲನ್ ಉಂಡೆ ಹಿಡಿದು ಹೋದರೆ ಅತ್ತೆ ಪರದೆಯನ್ನೇ ನೋಡುತ್ತ ಕೂತಿದ್ದರು. ದ್ವೀಪದ ತುಂಬ ಹಿಮ ಹೊದ್ದ ಪೈನ್ ಮರ. ದೋಣಿಮನೆ ಇಲ್ಲ!

ರೈನರ್ ಆ ಕಾಡನ್ನು ಹಬ್ಬದ ಉಡುಗೊರೆಯಾಗಿ ಕಳಿಸಿದ್ದ. ಅದನ್ನು ದ್ವೀಪಕ್ಕೆ ಹಾಕುವಾಗ 'ಇರುವುದರ ಜೊತೆ ಸೇರಿಸು' ಎಂದು ಆಜ್ಞೆ ಕೊಡಬೇಕು. ಮರೆತರೆ ಹಳೆಯದನ್ನೆಲ್ಲ ಗುಡಿಸಿಹಾಕಿ ಹೊಸದನ್ನು ಇಟ್ಟುಬಿಡುತ್ತದೆ. ಅತ್ತೆ ಮರೆತಿದ್ದರು, ಮನೆಯಲ್ಲಿ ಲೋಕ ನಡೆಸುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಮಾವ ನಕಲು ತೆಗೆದಿಟ್ಟಿದ್ದ ಡಿಸ್ಕು ಬೇಸಿಗೆಯಲ್ಲೇ ಕೆಟ್ಟುಹೋಗಿತ್ತು.

ರೈನರ್‌ಗೆ ಕರೆ ಮಾಡಿದೆವು.

"ಸೇರಿಸು ಅಂತ ಟೈಪ್ ಹೊಡೀಲಿಲ್ವಾ ಬೌಕೆ?"

"ಹೊಡೆದಿದ್ರೆ ನಿನ್ ಮುಖ ಯಾಕೋ ನೋಡ್ತಿದ್ದೆ, ಬೋಳ! ನಿನ್ ಕಾಡಿಗೆ ಬೆಂಕಿ ಹಾಕ!" ಆಮೇಲೆ ಅತ್ತೆಯ ದನಿ ಇಳಿಯಿತು. "ಅವನ್ ದನಿ ಹೋಯ್ತಲ್ಲೋ."

"ತಡಿ ತಡಿ. ಡೌವೆ ಏನ್ ಮಾಡಿದ್ರೂ ಎಲ್ರಿಗೂ ಹಂಚ್ತಿದ್ನಲ್ಲ? ಎಲ್ರೂ ಅವರವರ ಚೀಲ ತಡಕ್ಲಿ."

ಹೌದಲ್ಲ! ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳಲು ಈ ಲೋಕಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಲ ಇರುತ್ತದೆ, ಮಾವ ಯಾವುದಕ್ಕೂ ಬೀಗ ಹಾಕಿದವರಲ್ಲ. "ತಗೋ, ಬೇಕಾದಂಗ್ ಮಾಡ್ಕೋ" ಅನ್ನುತ್ತಿದ್ದರು.

ಮಧ್ಯಾಹ್ನ ಒಬ್ಬೊಬ್ಬರೇ ದ್ವೀಪಕ್ಕೆ ಬಂದಿಳಿದರು. ಒಬ್ಬರ ಬಳಿ ಗೋಡೆ ಸಿಕ್ಕಿತು, ಗುಲಾಬಿ ಬಣ್ಣ ಬಳಿದಿದ್ದರು. ರೈನರ್ ಚಾವಣಿ ತಂದ, ಅದು ಅವನ ಮೇಕೆ ಕೊಟ್ಟಿಗೆಯ ಮೇಲಿತ್ತಂತೆ. ಕೂದಲು ಇನ್ನೂ ಬಂದಿರಲಿಲ್ಲ. ಬಾಗಿಲು ಮಾತ್ರ ಯಾರ ಹತ್ತಿರವೂ ಇಲ್ಲ. ಲಾಂದ್ರ ಹಚ್ಚುವ ಮನಸ್ಸು ಯಾರಿಗೂ ಬರಲಿಲ್ಲ.

ಕೊನೆಗೆ ಫಿನ್ಲೆಂಡಿನ ಪಿರ್ಕೊ ಬಂದಳು. "ನನ್ ಸೌನಾ ಹಬೆಮನೆಗೆ ಡೌವೆದೇ ಒಂದ್ ಬಾಗ್ಲು ಹಾಕಿದೀನಿ. ಸೊಟ್ಟ ಇತ್ತು, ನೆಟ್ಟಗ್ ಮಾಡ್ದೆ. ಮುಟ್ಟಿದ್ರೆ ನಿಮ್ ಭಾಷೇಲಿ ಬೈತಾನೆ, ಏನಂತ ಗೊತ್ತಿಲ್ಲ."

ಅತ್ತೆ ಆ ಬಾಗಿಲು ನಿಲ್ಲಿಸಿ ಸ್ವಲ್ಪ ಎಡಕ್ಕೆ ವಾಲಿಸಿದರು. ಮತ್ತೂ ಸ್ವಲ್ಪ. ಆಮೇಲೆ ಮುಟ್ಟಿದರು.

"ಕಾಲ್ ಒರೆಸ್ಕೊಂಡ್ ಬನ್ರೋ!"

"ಒರೆಸ್ದೆ ಕಣೋ ಮಾರಾಯ," ಎಂದು ಅತ್ತೆ ಒಳಗೆ ಹೋದರು.

ಲಾಂದ್ರಗಳು ಏರಿದವು. ರೈನರ್ ಮತ್ತೆ ಕೂದಲನ್ನೇ ಬೇಡಿದ. ಅತ್ತೆಯ ಸರದಿ ಬಂತು. "ನಂದು ಇಷ್ಟೇ. ಎಲ್ರೂ ಒಂದೊಂದ್ ಬಾಗ್ಲು ತಗೊಂಡ್ ಹೋಗಿ ನಿಮ್ ನಿಮ್ ಲೋಕಕ್ಕೆ ಹಾಕ್ಕೊಳ್ಳಿ. ಬರೋ ವರ್ಷ ಅವನು ಎಲ್ಲಾ ಕಡೆ ಬೈಕೊಂಡಿರ್ಲಿ."

"ನೆಟ್ಟಗ್ ಮಾಡ್ಕೋಬೋದಾ?" ಪಿರ್ಕೊ ಮೆಲ್ಲಗೆ ಕೇಳಿದಳು.

ಅತ್ತೆ ಓಲಿಬೋಲನ್ ಒಂದನ್ನು ಕಚ್ಚಿದರು.

"ಮಾಡ್ಕೋ. 'ಬೇಕಾದಂಗ್ ಮಾಡ್ಕೋ' ಅಂತಿದ್ದ, ಅವನ್ ಮಾತ್ ಮೀರಕ್ಕಾಗಲ್ಲ. ನನ್ ಕಣ್ಣಿಗ್ ಬೀಳ್ಬಾರ್ದು ಅಷ್ಟೇ."